ಮೊಲದ ಮರಿಗಳನ್ನು ಸಾಕುತಾಯಿಗೆ ಸೇರಿಸುವ ಕ್ರಮ

ಮೊಲ ಸಾಕಾಣಿಕೆಯ ಆದಾಯವು ತಾಯಿಯಿಂದ ಬೇರ್ಪಡಿಸುವ ಹಂತದವರೆಗೆ ಬದುಕುಳಿಯುವ ಮರಿಗಳ ಸಂಖ್ಯೆಯನ್ನು ಅವಲಂಬಿಸಿದೆ. ಮರಿಗಳ ಸಾವು ಹೆಚ್ಚಾಗಿ ಸಂಭವಿಸುವುದು ಜನಿಸಿದ ಮೊದಲ ವಾರದಲ್ಲಿ. ಹಾಲಿನ ಕೊರತೆ ಮತ್ತು ಚಳಿ ಇದಕ್ಕೆ ಪ್ರಮುಖ ಕಾರಣಗಳು. ಹೆಚ್ಚು ಮರಿ ಹಾಕಿದ ಅಥವಾ ಹಾಲು ಸಾಲದ ತಾಯಿಯ ಮರಿಗಳನ್ನು ಕಡಿಮೆ ಮರಿಗಳಿರುವ ಮತ್ತೊಂದು ತಾಯಿಗೆ ಸೇರಿಸುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಸಾಕುತಾಯಿ ಏಕೆ ಬೇಕು?

ಹೆಣ್ಣು ಮೊಲಕ್ಕೆ ಸಾಮಾನ್ಯವಾಗಿ 8ರಿಂದ 10 ಮೊಲೆತೊಟ್ಟುಗಳಿರುತ್ತವೆ. ತಾಯಿ ಮೊಲವು ಸಾಧಾರಣವಾಗಿ ದಿನಕ್ಕೆ ಒಂದೇ ಬಾರಿ, 3ರಿಂದ 5 ನಿಮಿಷ ಮಾತ್ರ ಹಾಲುಣಿಸುತ್ತದೆ. ಈ ಅಲ್ಪ ಅವಧಿಯಲ್ಲಿ ತೊಟ್ಟು ಸಿಗದ ಮರಿ ಮರುದಿನದವರೆಗೆ ಹಸಿದಿರಬೇಕಾಗುತ್ತದೆ. ಎರಡು ದಿನ ಹೀಗಾದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಮೊಲದ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬಿನ ಪ್ರಮಾಣವು ಹಸುವಿನ ಹಾಲಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಹಸುವಿನ ಹಾಲು ಕುಡಿಸಿ ಮರಿಗಳನ್ನು ಉಳಿಸುವ ಪ್ರಯತ್ನ ಸಫಲವಾಗುವುದು ವಿರಳ.

ಸಿದ್ಧತೆ ಸಂಯೋಗದ ದಿನದಿಂದಲೇ

ಮರಿಗಳು ಸೊರಗಿದ ಮೇಲೆ ಸಾಕುತಾಯಿಯನ್ನು ಹುಡುಕಿದರೆ ಪ್ರಯೋಜನವಾಗದು. ಎರಡು ಅಥವಾ ಮೂರು ಹೆಣ್ಣು ಮೊಲಗಳಿಗೆ ಒಂದೇ ದಿನ ಸಂಯೋಗ ಮಾಡಿಸಬೇಕು. ಗರ್ಭಾವಧಿ ಸುಮಾರು 30ರಿಂದ 32 ದಿನಗಳಾದುದರಿಂದ ಅವು ಒಂದೆರಡು ದಿನಗಳ ಅಂತರದಲ್ಲಿ ಮರಿ ಹಾಕುತ್ತವೆ. ಕೆಲವೇ ಮೊಲಗಳಿರುವ ಸಣ್ಣ ಘಟಕಗಳಿಗೂ ಈ ಕ್ರಮ ಸೂಕ್ತ.

ಯಾವ ಮರಿಗಳನ್ನು ಸ್ಥಳಾಂತರಿಸಬೇಕು?

ಕನಿಕರದಿಂದ ಅತಿ ದುರ್ಬಲ ಮರಿಯನ್ನೇ ಬೇರೆ ಗೂಡಿಗೆ ಹಾಕುವುದು ರೂಢಿಯಲ್ಲಿದೆ. ಆದರೆ ಕಡಿಮೆ ಮರಿಗಳಿರುವ ಗೂಡಿನಲ್ಲಿ ಮರಿಗಳು ಸಾಮಾನ್ಯವಾಗಿ ದಪ್ಪವಾಗಿರುತ್ತವೆ. ಅವುಗಳ ನಡುವೆ ದುರ್ಬಲ ಮರಿಗೆ ತೊಟ್ಟು ಸಿಗುವುದಿಲ್ಲ. ಆದುದರಿಂದ ದೊಡ್ಡ ಮತ್ತು ಚುರುಕಾದ ಮರಿಗಳನ್ನು ಸ್ಥಳಾಂತರಿಸಿ, ಸಣ್ಣ ಮರಿಗಳನ್ನು ಹೆತ್ತ ತಾಯಿಯ ಬಳಿಯೇ ಉಳಿಸಬೇಕು. ಉದಾಹರಣೆಗೆ, ಒಂದು ತಾಯಿಗೆ 11 ಮತ್ತು ಇನ್ನೊಂದಕ್ಕೆ 5 ಮರಿಗಳಿದ್ದಲ್ಲಿ, ಮೊದಲ ಗೂಡಿನ 3 ದೊಡ್ಡ ಮರಿಗಳನ್ನು ಎರಡನೆಯದಕ್ಕೆ ಸೇರಿಸಿದರೆ ಎರಡೂ ಕಡೆ 8 ಮರಿಗಳಾಗುತ್ತವೆ. ಒಂದು ತಾಯಿಯ ಬಳಿ ಅದರ ಮೊಲೆತೊಟ್ಟುಗಳಿಗಿಂತ ಹೆಚ್ಚು ಮರಿಗಳನ್ನು ಬಿಡಬಾರದು.

ಮರಿಗಳು ಜನಿಸಿದ ಮೊದಲ 3 ದಿನಗಳೊಳಗೆ ಈ ಕಾರ್ಯ ಮುಗಿಯುವುದು ಉತ್ತಮ. ಎರಡೂ ಗೂಡುಗಳ ಮರಿಗಳ ವಯಸ್ಸಿನ ಅಂತರ 2 ದಿನಗಳನ್ನು ಮೀರಬಾರದು.

ಅನುಸರಿಸಬೇಕಾದ ಕ್ರಮ

1. ಆರೋಗ್ಯವಂತ, ಶಾಂತ ಸ್ವಭಾವದ ಮತ್ತು ಹಿಂದಿನ ಸೂಲಿನಲ್ಲಿ ಮರಿಗಳನ್ನು ಚೆನ್ನಾಗಿ ಸಾಕಿದ ತಾಯಿಯನ್ನು ಆರಿಸಿಕೊಳ್ಳಬೇಕು.
2. ಸಾಕುತಾಯಿಯನ್ನು ಗೂಡುಪೆಟ್ಟಿಗೆಯಿಂದ ದೂರವಿರಿಸಬೇಕು. ಸುವಾಸನೆಯ ಸಾಬೂನು ಬಳಸದೆ ಕೈ ತೊಳೆದು, ಆ ಗೂಡಿನ ಹುಲ್ಲು ಮತ್ತು ತುಪ್ಪಳದಿಂದ ಕೈಗಳನ್ನು ಉಜ್ಜಿಕೊಳ್ಳಬೇಕು.
3. ತಣ್ಣಗಾದ ಮರಿಯನ್ನು ಮೊದಲು ಅಂಗೈಯಲ್ಲಿ ಅಥವಾ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟು ಬೆಚ್ಚಗಾಗಿಸಬೇಕು. ಚಳಿ ಹಿಡಿದ ಮರಿ ಹಾಲು ಚೀಪಲಾರದು.
4. ಹೊಸ ಮರಿಗಳ ಕಿವಿಗೆ ವಿಷಕಾರಿಯಲ್ಲದ ಶಾಯಿಯಿಂದ ಗುರುತು ಹಾಕಿ, ಗೂಡಿನ ಮರಿಗಳ ನಡುವೆ ಇರಿಸಿ, ತುಪ್ಪಳದಿಂದ ಮುಚ್ಚಬೇಕು.
5. ಮರಿಗಳ ವಾಸನೆ ಪರಸ್ಪರ ಬೆರೆಯಲು ಒಂದೆರಡು ಗಂಟೆ ಬಿಟ್ಟು, ಅನಂತರ ತಾಯಿಯನ್ನು ಗೂಡಿಗೆ ಬಿಡಬೇಕು.

ಮರುದಿನದ ಪರಿಶೀಲನೆ

ಮರುದಿನ ಬೆಳಿಗ್ಗೆ ಪ್ರತಿ ಮರಿಯನ್ನೂ ಪರೀಕ್ಷಿಸಬೇಕು. ಹಾಲು ಕುಡಿದ ಮರಿಯ ಹೊಟ್ಟೆ ದುಂಡಗಿದ್ದು, ತೆಳು ಚರ್ಮದ ಮೂಲಕ ಹಾಲಿನ ಬಿಳುಪು ಕಾಣುತ್ತದೆ. ಹಸಿದ ಮರಿಯ ಹೊಟ್ಟೆ ಒಳಸರಿದು ಚರ್ಮ ಸುಕ್ಕುಗಟ್ಟಿರುತ್ತದೆ. ಹಸಿದ ಮರಿಗಳು ಕಂಡುಬಂದಲ್ಲಿ, ತಾಯಿಯನ್ನು ಮೃದುವಾಗಿ ಹಿಡಿದು ಗೂಡುಪೆಟ್ಟಿಗೆಯಲ್ಲಿ ನಿಲ್ಲಿಸಿ, ದಿನಕ್ಕೊಮ್ಮೆ ಮರಿಗಳಿಗೆ ಹಾಲುಣಿಸಲು ಅವಕಾಶ ಕಲ್ಪಿಸಬೇಕು. ಸಾಕುತಾಯಿಯು ಮರಿಗಳನ್ನು ಕಚ್ಚಿದರೆ ಅಥವಾ ಗೂಡಿನಿಂದ ಹೊರಹಾಕಿದರೆ ಕೂಡಲೇ ಬೇರೆ ತಾಯಿಯನ್ನು ಆರಿಸಬೇಕು. ಹಾಲಿನ ಉತ್ಪತ್ತಿಯು ಮೂರನೆಯ ವಾರದವರೆಗೆ ಏರುವುದರಿಂದ ಸಾಕುತಾಯಿಗೆ ಹೆಚ್ಚುವರಿ ಆಹಾರ ಹಾಗೂ ಸದಾ ಶುದ್ಧ ನೀರು ಒದಗಿಸಬೇಕು.

ಯಾವಾಗ ಸೇರಿಸಬಾರದು?

ಹೆತ್ತ ತಾಯಿಗೆ ಕೆಚ್ಚಲು ಬಾವು, ಮೂಗು ಸೋರುವಿಕೆ ಅಥವಾ ಕಜ್ಜಿ ಇದ್ದಲ್ಲಿ ಅದರ ಮರಿಗಳನ್ನು ಬೇರೆ ಗೂಡಿಗೆ ಸೇರಿಸಬಾರದು. ಮರಿಗಳ ಬಾಯಿ ಹಾಗೂ ಮೈಯ ಮೂಲಕ ಸೋಂಕು ಸಾಕುತಾಯಿಗೆ ತಗುಲಿ, ಎರಡೂ ಗೂಡುಗಳ ಮರಿಗಳು ನಷ್ಟವಾಗುವ ಸಂಭವವಿದೆ. ಇಂತಹ ಸಂದರ್ಭದಲ್ಲಿ ಪಶುವೈದ್ಯರ ಸಲಹೆ ಪಡೆಯುವುದು ಅವಶ್ಯಕ.

ದಾಖಲೆ

ಸ್ಥಳಾಂತರಿಸಿದ ದಿನಾಂಕ, ಮರಿಗಳ ಸಂಖ್ಯೆ ಮತ್ತು ಎರಡೂ ತಾಯಂದಿರ ಗುರುತನ್ನು ಪಂಜರದ ಕಾರ್ಡಿನಲ್ಲಿ ಬರೆದಿಡಬೇಕು. ತಳಿಗಾಗಿ ಮರಿ ಆರಿಸುವಾಗ ವಂಶಾವಳಿಯನ್ನು ಹೆತ್ತ ತಾಯಿಯ ಹೆಸರಿನಲ್ಲೇ ಪರಿಗಣಿಸಬೇಕು. 21ನೆಯ ದಿನ ಗೂಡಿನ ಒಟ್ಟು ಮರಿಗಳ ತೂಕವು ಹಾಲುಣಿಸಿದ ತಾಯಿಯ ಹಾಲಿನ ಸಾಮರ್ಥ್ಯವನ್ನು ಸೂಚಿಸುತ್ತದೆ. ಮುಂದಿನ ಸೂಲುಗಳಲ್ಲಿ ಯಾವ ಮೊಲವನ್ನು ಸಾಕುತಾಯಿಯಾಗಿ ನೆಚ್ಚಬಹುದೆಂಬುದನ್ನು ಈ ದಾಖಲೆಯಿಂದಲೇ ನಿರ್ಧರಿಸಬಹುದು.