ಗರಗಸಕ್ಕೊಂದು ತಿರುಪು

ಬಂಡಿ ಎಷ್ಟೇ ಭಾರವಾಗಿರಲಿ, ಅದರ ಗಾಲಿಯನ್ನು ಅಚ್ಚಿನಲ್ಲಿ ಉಳಿಸುವುದು ಬೆರಳುದ್ದದ ಕಡೆಗೀಲು. ಎತ್ತಿನ ಬಂಡಿಯ ಕಾಲ ಹೋಗಿ ಯಂತ್ರಗಳ ಕಾಲ ಬಂದರೂ ಈ ನಿಯಮ ಬದಲಾಗಿಲ್ಲ. ಕಡೆಗೀಲಿನ ಸ್ಥಾನಕ್ಕೆ ತಿರುಪು ಬಂದಿದೆ, ಅಷ್ಟೆ. ಈ ಮಾತಿನ ಸತ್ಯವನ್ನು ಬೆಂಗಳೂರಿನ ದಕ್ಷಿಣ ಭಾಗದ ನಿವಾಸಿಗಳು ಪ್ರತಿವರ್ಷವೂ ಮಳೆಗಾಲದ ಹೊಸ್ತಿಲಲ್ಲಿ ಕಾಣಬಹುದು.

ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳ ಬೀದಿಗಳಿಗೆ ಹೆಸರು ತಂದುಕೊಟ್ಟಿರುವುದು ಅಲ್ಲಿಯ ಸಾಲುಮರಗಳು. ಬೇಸಗೆಯಲ್ಲಿ ನೆರಳು ನೀಡುವ ಗುಲ್‌ಮೊಹರ್, ಮಳೆಮರಗಳೇ ಏಪ್ರಿಲ್-ಮೇ ತಿಂಗಳುಗಳ ಬಿರುಗಾಳಿಗೆ ಕೊಂಬೆ ಮುರಿದುಕೊಂಡು, ಕೆಲವೊಮ್ಮೆ ಬುಡಸಮೇತ ಉರುಳಿ, ದಾರಿಗೆ ಅಡ್ಡಲಾಗಿ ಮಲಗುತ್ತವೆ. 2024ರ ಜೂನ್ 2ರಂದು ನಗರದಲ್ಲಿ 111.1 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದುಬಂದಿದ್ದ ದಾಖಲೆಯನ್ನು ಮುರಿಯಿತು. ಅಂದು ಉರುಳಿದ ಮರಗಳೂ ಮುರಿದ ಕೊಂಬೆಗಳೂ ನೂರಾರು.

ಇಂಥ ಮರವನ್ನು ಕೊಡಲಿಯಿಂದ ಕಡಿದು ತೆರವು ಮಾಡಲು ಹಿಂದೆ ಅರ್ಧ ದಿನ ಬೇಕಾಗುತ್ತಿತ್ತು. ಪೆಟ್ರೋಲಿನಿಂದ ಓಡುವ ಸರಪಳಿ ಗರಗಸ, ಅಂದರೆ ಜನರು ‘ಚೈನ್‌ಸಾ’ ಎಂದು ಕರೆಯುವ ಯಂತ್ರ, ಈಗ ಆ ಕೆಲಸವನ್ನು ಗಂಟೆಯೊಳಗೆ ಮುಗಿಸುತ್ತದೆ. ಆದರೆ ಯಂತ್ರ ಕೆಲಸ ಮಾಡಬೇಕಾದರೆ ಅದರ ಮೈಯಲ್ಲಿರುವ ಇಪ್ಪತ್ತು-ಮೂವತ್ತು ತಿರುಪುಗಳೂ ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಎಂಜಿನ್ನು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಸುತ್ತುವಾಗ ಉಂಟಾಗುವ ನಡುಕ ಒಂದು ಕಡೆ, ಹೊಗೆಕೊಳವೆಯ ಬಿಸಿ ಇನ್ನೊಂದು ಕಡೆ. ಇವೆರಡರ ಕಾಟದಲ್ಲಿ ಒಂದಲ್ಲ ಒಂದು ತಿರುಪು ಸಡಿಲವಾಗಿ ಮರದ ಹೊಟ್ಟಿನಲ್ಲಿ ಬಿದ್ದು ಮಾಯವಾಗುತ್ತದೆ. ಆಗ ಪ್ರಾರಂಭವಾಗುವುದೇ ಅದಕ್ಕೆ ಸಮನಾದ ಇನ್ನೊಂದರ ಅನ್ವೇಷಣೆ.

ಪ್ರಾಣದೊಡನೆ ಸಂಬಂಧವುಳ್ಳವು

‘ಒಂದು ತಿರುಪಿಗೆ ಇಷ್ಟು ಗಲಾಟೆಯೆ? ಕೈಗೆ ಸಿಕ್ಕಿದ್ದನ್ನು ತಿರುಗಿಸಿದರಾಯಿತು’ ಎನ್ನುವವರೂ ಉಂಟು. ಅಂಥವರು ಈ ಯಂತ್ರದ ಮೂರು ಜಾಗಗಳನ್ನು ತಿಳಿದಿರಬೇಕು.

ಮೊದಲನೆಯದು, ಸರಪಳಿ ಸುತ್ತುವ ಉದ್ದನೆಯ ಪಟ್ಟಿಯನ್ನು ಎಂಜಿನ್ನಿಗೆ ಬಿಗಿಯುವ ನಟ್ಟುಗಳು. ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುವಾಗ ಇವು ಸಡಿಲವಾದರೆ ಪಟ್ಟಿ ಅಲುಗಾಡಿ ಸರಪಳಿ ಜಾರುತ್ತದೆ. ಎರಡನೆಯದು, ಪಟ್ಟಿಯ ಬುಡದಲ್ಲಿ ಕೆಳಗಡೆ ಇರುವ ಸಣ್ಣ ಕೊಕ್ಕೆ. ಕಡಿದುಹೋದ ಸರಪಳಿ ಹಿಂದಕ್ಕೆ ಬೀಸಿ ಕೆಲಸಗಾರನ ಬಲಗೈಗೆ ಬಡಿಯದಂತೆ ತಡೆಯುವುದು ಇದೇ. ಇದನ್ನು ಹಿಡಿದಿರುವುದು ಒಂದೇ ಒಂದು ತಿರುಪು. ಅದು ಬಿದ್ದುಹೋದರೂ ಯಂತ್ರ ಎಂದಿನಂತೆಯೇ ಓಡುತ್ತದೆ. ಆದ್ದರಿಂದಲೇ ಅದು ಇಲ್ಲದಿರುವುದು ಯಾರ ಗಮನಕ್ಕೂ ಬಾರದು.

ಮೂರನೆಯದು, ಸಿಲಿಂಡರಿನ ಬುಡದ ಬೋಲ್ಟುಗಳು. ಇವು ಸಡಿಲವಾದರೆ ಸಂದಿನಿಂದ ಗಾಳಿ ಒಳನುಗ್ಗಿ ಪೆಟ್ರೋಲಿನ ಪಾಲು ಕಡಮೆಯಾಗುತ್ತದೆ. ಪೆಟ್ರೋಲಿನೊಡನೆ ಬೆರೆತು ಬರುವ ಎಣ್ಣೆಯೂ ಅದರೊಡನೆ ಕಡಮೆಯಾಗಿ, ಬಿಸಿ ಏರಿ, ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕೆಲವು ರೂಪಾಯಿಯ ಬೋಲ್ಟಿನ ಉದಾಸೀನಕ್ಕೆ ಸಾವಿರಾರು ರೂಪಾಯಿ ದಂಡ!

ನೋಡಲು ಒಂದೇ, ಅಳೆದರೆ ಬೇರೆ

ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೆ ಹೋದವನಿಗೂ ಅಂಗಡಿಯವರಿಗೂ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

‘ಸ್ವಾಮಿ, ಇದೇ ತರಹದ್ದು ಇನ್ನೊಂದು ಕೊಡಿ.’

‘ಇಂಚೋ, ಎಂ.ಎಂ.ಓ?’

ಗಿರಾಕಿ ಇಲ್ಲಿ ತಡವರಿಸುತ್ತಾನೆ. ಪ್ರಶ್ನೆಯಲ್ಲಿ ಅರ್ಥವಿದೆ. ಅಂಗುಲದ ಲೆಕ್ಕದಲ್ಲಿ 5/16 ಎನ್ನುವ ಬೋಲ್ಟಿನ ದಪ್ಪ 7.94 ಮಿಲಿಮೀಟರ್, ಮೆಟ್ರಿಕ್ ಲೆಕ್ಕದ ‘ಎಂ 8’ ಬೋಲ್ಟಿನದು 8 ಮಿಲಿಮೀಟರ್. ಅಂತರ ಒಂದು ಕೂದಲೆಳೆಯಷ್ಟು. ಆದರೆ ಅದರ ಮೈಮೇಲಿನ ಸುತ್ತುಗಳನ್ನು, ಎಂದರೆ ಮೆಕ್ಯಾನಿಕ್ಕುಗಳು ‘ಥ್ರೆಡ್ಡು’ ಎನ್ನುವುದನ್ನು, ಎಣಿಸಿದರೆ ಒಂದರಲ್ಲಿ ಅಂಗುಲಕ್ಕೆ 18, ಇನ್ನೊಂದರಲ್ಲಿ 20ಕ್ಕೂ ಹೆಚ್ಚು. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಸಲೀಸಾಗಿ ಏರಬಹುದು. ಮೂರನೆಯ ಸುತ್ತಿಗೆ ಬಿಗಿಯುತ್ತದೆ. ತಿಳಿಯದವನು ‘ಚೆನ್ನಾಗಿ ಕೂತಿತು’ ಎಂದು ಸ್ಪ್ಯಾನರ್ ಹಾಕಿ ಒತ್ತುತ್ತಾನೆ. ನಟ್ಟು ಏರುವುದು ನಿಜ; ಆದರೆ ಯಂತ್ರದ ಥ್ರೆಡ್ಡನ್ನು ಕೊಯ್ದುಕೊಂಡು ಏರುತ್ತದೆ.

ಈ ಗೊಂದಲಕ್ಕೆ ಒಂದು ಚರಿತ್ರೆಯಿದೆ. ಹಿಂದೆ ಪ್ರತಿಯೊಂದು ಕಾರ್ಖಾನೆಯೂ ತನ್ನ ಮನಬಂದಂತೆ ತಿರುಪು ಮಾಡುತ್ತಿತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಥ್ರೆಡ್ಡನ್ನು ಸರ್ವಸಾಮಾನ್ಯ ಮಾಡಬೇಕೆಂದು ಸೂಚಿಸಿದನು. 1864ರಲ್ಲಿ ಅಮೆರಿಕೆಯ ವಿಲಿಯಂ ಸೆಲರ್ಸ್ 60 ಡಿಗ್ರಿಯೇ ಮೇಲೆಂದನು. ಯೂರೋಪಿನ ದೇಶಗಳು 1898ರಲ್ಲಿ ಜ್ಯೂರಿಕ್‌ನಲ್ಲಿ ಸೇರಿ ಮಿಲಿಮೀಟರಿನ ಪದ್ಧತಿಯೊಂದನ್ನು ಒಪ್ಪಿಕೊಂಡವು. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ ದಾರಿಮಾಡಿದ್ದು 1956ರ ತೂಕ ಮತ್ತು ಅಳತೆಗಳ ಶಾಸನ. ಆದರೆ ಅಭ್ಯಾಸ ಶಾಸನದಷ್ಟು ಬೇಗ ಬದಲಾಗುವುದಿಲ್ಲ. ಬಡಗಿಗೂ ನಲ್ಲಿ ಕೆಲಸದವನಿಗೂ ಇಂದಿಗೂ ಅಂಗುಲವೇ ಆಪ್ತ. ಹೀಗಾಗಿ ಎರಡು ಬಗೆಯ ಬೋಲ್ಟುಗಳೂ ಒಂದೇ ಅಂಗಡಿಯ ಅಕ್ಕಪಕ್ಕದ ಡಬ್ಬಿಗಳಲ್ಲಿ ಇರುತ್ತವೆ.

ವಿಚಿತ್ರವೆಂದರೆ, ಸರಪಳಿ ಗರಗಸವೂ ಈ ದ್ವಂದ್ವದಿಂದ ಪಾರಾಗಿಲ್ಲ. ಅದರ ಬೋಲ್ಟುಗಳು ಸಾಮಾನ್ಯವಾಗಿ ಮಿಲಿಮೀಟರಿನವು. ಆದರೆ ಸರಪಳಿಯ ಕೊಂಡಿಗಳ ಅಳತೆ ಮಾತ್ರ ಅಂಗುಲದಲ್ಲಿ, 3/8 ಎಂದೋ.325 ಎಂದೋ!

ನಾಲ್ಕು ಪ್ರಶ್ನೆಗಳು

ಅನುಭವಸ್ಥ ಮೆಕ್ಯಾನಿಕ್ಕು ಹೊಸ ತಿರುಪನ್ನು ಕೊಳ್ಳುವ ಮೊದಲು ಹಳೆಯದಕ್ಕೆ ನಾಲ್ಕು ಪ್ರಶ್ನೆ ಹಾಕುತ್ತಾನೆ. ದಪ್ಪವೆಷ್ಟು? ಸುತ್ತಿನಿಂದ ಸುತ್ತಿಗೆ ಅಂತರವೆಷ್ಟು? ಉದ್ದವೆಷ್ಟು? ಬಲವೆಷ್ಟು?

ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಥ್ರೆಡ್ಡಿನ ಮೇಲೆಯೇ ಅಳೆಯಬೇಕು. 4.9 ಎಂದು ತೋರಿದರೆ ಅದು ಎಂ 5 ಇರಬಹುದು. ಥ್ರೆಡ್ಡಿನ ದಪ್ಪ ಹೆಸರಿಗಿಂತ ತುಸು ಕಡಮೆಯೇ ಇರುತ್ತದೆ. ಅಂತರವನ್ನು ತಿಳಿಯಲು ಹತ್ತು ಸುತ್ತುಗಳ ಉದ್ದವನ್ನು ಅಳೆದು ಹತ್ತರಿಂದ ಭಾಗಿಸಿದರಾಯಿತು: ಎಂ 5ಕ್ಕೆ 0.8, ಎಂ 6ಕ್ಕೆ 1, ಎಂ 8ಕ್ಕೆ 1.25 ಮಿಲಿಮೀಟರ್ ಬರಬೇಕು. ಅಳತೆಯ ಸಾಧನವಿಲ್ಲದಿದ್ದರೆ ಹಳೆಯದನ್ನೂ ಹೊಸದನ್ನೂ ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯಬಹುದು. ಸುತ್ತುಗಳು ಪೂರ್ತಿ ಒಂದರೊಳಗೊಂದು ಕೂತು, ನಡುವೆ ಬೆಳಕು ತೂರದಿದ್ದರೆ ಎರಡೂ ಒಂದೇ ಜಾತಿ.

ಉದ್ದವನ್ನು ತಲೆಯ ಕೆಳಗಿನಿಂದ ಅಳೆಯುವುದು ವಾಡಿಕೆ. ತಲೆ ಪೂರ್ತಿ ಒಳಗೆ ಹುದುಗುವ ತಿರುಪಿಗೆ ಮಾತ್ರ ತಲೆಯನ್ನೂ ಸೇರಿಸಬೇಕು. ಗರಗಸದ ಮೈ ಬಹುಮಟ್ಟಿಗೆ ಮೆಗ್ನೀಸಿಯಂ ಮಿಶ್ರಲೋಹದ್ದು. ಹಗುರ, ಆದರೆ ಮೃದು. ಗಿಡ್ಡ ಬೋಲ್ಟು ಎರಡು ಮೂರು ಸುತ್ತುಗಳಲ್ಲಿ ಮಾತ್ರ ಹಿಡಿದು, ಬಿಗಿಯುವಾಗ ಆ ಸುತ್ತುಗಳನ್ನೇ ಕಿತ್ತುಕೊಂಡು ಬರುತ್ತದೆ. ಉದ್ದವಾದದ್ದು ತೂತಿನ ತಳಕ್ಕೆ ತಗಲಿ ಲೋಹವನ್ನೇ ಸೀಳಬಹುದು.

ಬಲದ ವಿಷಯವನ್ನು ಬೋಲ್ಟು ತಾನೇ ತಲೆಯ ಮೇಲೆ ಬರೆದುಕೊಂಡಿರುತ್ತದೆ: 8.8, 10.9, 12.9. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಅದು ತುಂಡಾಗುವ ಮೊದಲು ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತ ತಾಳುವುದೆಂದು ತಿಳಿಯುತ್ತದೆ. ತಲೆಯ ಮೇಲೆ ಏನೂ ಬರೆಯದ ಬೋಲ್ಟು ಕಿಟಕಿಗೆ ಸಾಕು, ಗರಗಸಕ್ಕೆ ಸಾಲದು. ತುಕ್ಕು ಹಿಡಿಯದ ಉಕ್ಕಿನ ಥಳಥಳಿಸುವ ಬೋಲ್ಟನ್ನು ಕಂಡು ಮರುಳಾಗುವವರೂ ಉಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ, ಸಾಮಾನ್ಯವಾಗಿ ಸಿಗುವ ‘ಎ2-70’ ಬಗೆಯದು 700ರ ಬಲದ್ದು, ಕಪ್ಪು ಬಣ್ಣದ 8.8ಕ್ಕಿಂತ ಕಡಮೆ.

ಇವೆಲ್ಲಕ್ಕೂ ಮೀರಿದ ಇನ್ನೊಂದು ಜಾತಿಯಿದೆ. 1926ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಆರಂಭವಾದ ಸ್ಟಿಲ್ ಸಂಸ್ಥೆಯ ಗರಗಸಗಳಲ್ಲಿ ಅನೇಕ ತಿರುಪುಗಳ ತಲೆಯಲ್ಲಿ ಆರು ಮೂಲೆಯ ನಕ್ಷತ್ರದ ಗುಳಿ ಇರುತ್ತದೆ; ಅದಕ್ಕೆ ‘ಟಿ 27’ ಎಂಬ ತಿರುಪುಳಿ ಬೇಕು. ಇವುಗಳಲ್ಲಿ ಕೆಲವು, ಮೃದು ಲೋಹದಲ್ಲಿಯೂ ಪ್ಲಾಸ್ಟಿಕ್ಕಿನಲ್ಲಿಯೂ ತಮ್ಮ ದಾರಿಯನ್ನು ತಾವೇ ಕೊರೆದುಕೊಳ್ಳುವ ಅಗಲ ಸುತ್ತಿನ ತಿರುಪುಗಳು. ಇವುಗಳ ಜಾಗಕ್ಕೆ ಅಂಗಡಿಯ ಎಂ 5 ಬೋಲ್ಟು ಎಂದಿಗೂ ಸಲ್ಲದು. ಕಂಪನಿಯ ಬಿಡಿಭಾಗವನ್ನೇ ತರಿಸಬೇಕು. ಹಳೆಯ ತೂತಿಗೆ ಇವನ್ನು ಮತ್ತೆ ಕೂರಿಸುವಾಗ ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸಿ, ‘ಟಕ್’ ಎಂದು ಹಳೆಯ ದಾರಿಗೆ ಬಿದ್ದ ಮೇಲೆ ಬಲಕ್ಕೆ ತಿರುಗಿಸುವುದು ಬಲ್ಲವರ ಕ್ರಮ.

ಪೇಟೆಯ ದಾರಿ

ಜಯನಗರ ನಾಲ್ಕನೆಯ ಬ್ಲಾಕಿನಲ್ಲಾಗಲಿ, ಬನಶಂಕರಿಯಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯಲ್ಲಾಗಲಿ ಹಾರ್ಡ್‌ವೇರ್ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಅವುಗಳ ವ್ಯಾಪಾರ ಹೆಚ್ಚಾಗಿ ಮನೆ ಕಟ್ಟುವವರನ್ನು ನಂಬಿದ್ದು. ಬಾಗಿಲ ತಿರುಪು, ಗೋಡೆಯ ತಿರುಪು ಸಿಕ್ಕಷ್ಟು ಸುಲಭವಾಗಿ ಯಂತ್ರದ ಬೋಲ್ಟು ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ನೆನಪಾಗುವುದು ಹಳೆಯ ಪೇಟೆ. ಎಸ್.ಪಿ. ರಸ್ತೆಯ ಸಾಲು ಅಂಗಡಿಗಳಲ್ಲಿ ಯಂತ್ರಸಾಮಗ್ರಿಗಳೂ, ಜೆ.ಸಿ. ರಸ್ತೆಯಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳೂ ದೊರೆಯುತ್ತವೆ. ಮೋಟಾರ್ ಸೈಕಲ್ಲುಗಳಲ್ಲಿಯೂ ಎಂ 5, ಎಂ 6, ಎಂ 8 ಬೋಲ್ಟುಗಳೇ ಬಳಕೆಯಲ್ಲಿರುವುದರಿಂದ, ಗರಗಸದ ಮೆಕ್ಯಾನಿಕ್ಕಿಗೆ ಎರಡನೆಯ ರಸ್ತೆಯೂ ಉಪಯುಕ್ತ.

2017ರ ಜೂನ್ ತಿಂಗಳಿಂದ ಮೆಟ್ರೋದ ಹಸಿರು ಮಾರ್ಗ ಬನಶಂಕರಿ, ಜಯನಗರಗಳನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಜೋಡಿಸಿದೆ. ಬಿ.ಟಿ.ಎಂ. ಬಡಾವಣೆಯವರಿಗೂ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂದಿದೆ; ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಇಳಿದು ಗಾಡಿ ಬದಲಿಸಿದರೆ ಸಾಕು. ಆದರೆ ಪೇಟೆಗೆ ಹೊರಟವನು ಹಳೆಯ ತಿರುಪನ್ನು ಜೇಬಿನಲ್ಲಿಟ್ಟುಕೊಳ್ಳುವುದನ್ನು ಮರೆಯಬಾರದು. ಬಾಯಿಮಾತಿನ ವರ್ಣನೆಯಿಂದ ತಿರುಪು ಕೊಳ್ಳುವುದು, ಜಾತಕ ನೋಡದೆ ಲಗ್ನ ಗೊತ್ತು ಮಾಡಿದಂತೆ. ಹಳೆಯದು ಕಳೆದೇಹೋಗಿದ್ದರೆ ಯಂತ್ರದಲ್ಲಿ ಅದರ ಜೋಡಿ ಇದ್ದೇ ಇರುತ್ತದೆ. ಅದನ್ನು ಬಿಚ್ಚಿ ಒಯ್ಯಬಹುದು.

ಹೊಸ ತಿರುಪನ್ನು ಮೊದಲು ಬೆರಳಿನಿಂದಲೇ ಏರಿಸಬೇಕು. ಬೆರಳಿಗೆ ಒಪ್ಪದ ತಿರುಪು ಸ್ಪ್ಯಾನರಿಗೂ ಒಪ್ಪುವುದಿಲ್ಲವೆಂಬುದು ಈ ಕಸುಬಿನ ಮೊದಲ ಪಾಠ. ಆಮೇಲೆ ಥ್ರೆಡ್ಡಿನ ಎಣ್ಣೆಯನ್ನು ಒರಸಿ, ನಡುಕಕ್ಕೆ ಸಡಿಲವಾಗದಂತೆ ಹಿಡಿಯುವ ನೀಲಿ ಬಣ್ಣದ ಅಂಟಿನ ಒಂದು ಹನಿ ಹಾಕಿ ಬಿಗಿಯುವುದುಂಟು. ಪಟ್ಟಿಯ ನಟ್ಟುಗಳಿಗೆ ಮಾತ್ರ ಈ ಅಂಟು ಸಲ್ಲದು. ಸರಪಳಿಯನ್ನು ಸರಿಪಡಿಸಲು ಅವನ್ನು ಮೇಲಿಂದ ಮೇಲೆ ಬಿಚ್ಚಬೇಕಾಗುತ್ತದೆ.

ಬಹುತೇಕ ಗರಗಸಗಳಲ್ಲಿ ಪಟ್ಟಿಯನ್ನು ಹಿಡಿದಿರುವುದು ಎಂ 8 ಅಳತೆಯ ನಟ್ಟು. ಅಂಥ ಎರಡು ನಟ್ಟುಗಳನ್ನೂ ಕೊಕ್ಕೆಯ ತಿರುಪೊಂದನ್ನೂ ಸಣ್ಣ ಚೀಲದಲ್ಲಿ ಹಾಕಿ ಯಂತ್ರದ ಜೊತೆಗೇ ಕಟ್ಟಿಡುವವರು ಜಾಣರು. ಬಿದ್ದ ಮರದ ಆಚೆಗೆ ರೋಗಿಯನ್ನು ಹೊತ್ತ ಗಾಡಿಯೊಂದು ಕಾದು ನಿಂತಿರುವಾಗ, ಎಸ್.ಪಿ. ರಸ್ತೆಗೆ ಹೋಗಿಬರುವಷ್ಟು ವ್ಯವಧಾನ ಯಾರಿಗಿರುತ್ತದೆ?