ಮಹಡಿ ಕೋಣೆಯ ವಾರ್ಡು

ಬೆಳಗಿನ ಆರೂವರೆ. ಹೈದರಾಬಾದಿನ ಹಿಮಾಯತ್‌ನಗರ ಇನ್ನೂ ಪೂರ್ತಿ ಎದ್ದಿಲ್ಲ. ತಿರುಪತಿ ದೇವಸ್ಥಾನದವರ ಬಾಲಾಜಿ ಗುಡಿಯತ್ತ ಹೂವಿನ ಬುಟ್ಟಿಗಳು ಹೊರಟಿವೆ. ಇಡ್ಲಿ ಬಂಡಿಯ ಮುಚ್ಚಳ ತೆಗೆದಾಗ ಹಬೆ ಮೇಲೇಳುತ್ತದೆ. ಲಿಬರ್ಟಿ ಚೌಕದ ಕಡೆಯಿಂದ ದಿನದ ಮೊದಲ ಬಸ್ಸುಗಳ ಸದ್ದು. ನಮ್ಮ ಗಲ್ಲಿಯ ಮೂರನೇ ಮಹಡಿಯ ಕೋಣೆಯಲ್ಲಿ ಮಾತ್ರ ದೀಪ ಆಗಲೇ ಉರಿಯುತ್ತಿದೆ.

ಅಲ್ಲಿ ಬೀದರ ಜಿಲ್ಲೆಯ ಒಬ್ಬ ತಾಯಿ ಗಂಡನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಉಸಿರು ಬಿಗಿಹಿಡಿದು ಕೂತಿದ್ದಾರೆ. ಬೀಪ್ ಎಂದಿತು. 98.8. ಮಗಳ ಹಳೆಯ ಶಾಲಾ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮಾಡಿಕೊಂಡ ಮನೆಗಳಿವೆ: ಗಂಟೆ, ಜ್ವರ, ಕುಡಿದ ನೀರು, ಮೂತ್ರ, ಭೇದಿ. ಅಂಕಿ ಬರೆದು, ಬಾಗಿಲಾಚೆ ಮಾಸ್ಕ್ ಹಾಕಿಕೊಂಡು ನಿಂತ ನನ್ನತ್ತ ತಿರುಗಿ, "ಇವತ್ತ ಆರಾಮದಾರ್ರೀ" ಎನ್ನುತ್ತಾರೆ. ಇವತ್ತಿಗೆ ಎಂಟನೇ ದಿನ.

ಈ ದಿನಗಳ ಲೆಕ್ಕ ಶುರುವಾಗುವುದು ಸೊನ್ನೆಯಿಂದ. ರೋಗಿಯ ಆಕರ ಕೋಶಗಳನ್ನು (ಸ್ಟೆಮ್ ಸೆಲ್) ಮತ್ತೆ ಅವರದೇ ರಕ್ತಕ್ಕೆ ಬಿಟ್ಟ ದಿನವೇ ಸೊನ್ನೆಯ ದಿನ. ಇವರಿಗಿರುವುದು ಮಯಲೋಮಾ, ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಮೊದಲು ಔಷಧಿಗಳಿಂದ ರೋಗವನ್ನು ತಗ್ಗಿಸಿದರು. ಬಳಿಕ ನಾಲ್ಕೈದು ದಿನ ಚರ್ಮದಡಿ ಇಂಜೆಕ್ಷನ್ ಕೊಟ್ಟು, ಮಜ್ಜೆಯಲ್ಲಿದ್ದ ಆಕರ ಕೋಶಗಳನ್ನು ರಕ್ತಕ್ಕೆ ಹೊರಡಿಸಿದರು. ಒಂದು ಯಂತ್ರ ಕೆಲವು ಗಂಟೆಗಳ ಕಾಲ ಆ ರಕ್ತವನ್ನು ಸೋಸಿ ಕೋಶಗಳನ್ನಷ್ಟೇ ಚೀಲಕ್ಕೆ ಇಳಿಸಿತು. ದೇಹದ ತೂಕದ ಪ್ರತಿ ಕೆಜಿಗೆ ಕನಿಷ್ಠ 20 ಲಕ್ಷ ಕೋಶಗಳಾದರೂ ಬೇಕು. ಅದಾದ ಮೇಲೆ ಮೆಲ್ಫಲಾನ್ ಎಂಬ ಕಠಿಣ ಔಷಧಿ. ಅದು ಕ್ಯಾನ್ಸರನ್ನು ಸುಡುವಾಗ ಮಜ್ಜೆಯನ್ನೂ ಬಿಡುವುದಿಲ್ಲ. ಬರಿದಾದ ಆ ನೆಲಕ್ಕೆ ಚೀಲದ ಕೋಶಗಳೇ ಬಿತ್ತನೆ ಬೀಜ.

"ಮೆಲ್ಫಲಾನ್ ಹಾಕೋವಾಗ ಬಾಯಾಗ ಬರ್ಫ ಇಟ್ರು" ಎಂದು ರೋಗಿಯೇ ಹೇಳಿದರು. ತಂಪಿಗೆ ಬಾಯಿಯ ರಕ್ತನಾಳಗಳು ಕುಗ್ಗುತ್ತವೆ, ಅಲ್ಲಿಗೆ ಹರಿಯುವ ಔಷಧಿ ಕಡಿಮೆಯಾಗುತ್ತದೆ, ಹುಣ್ಣೂ ಕಡಿಮೆ. ಡಾಕ್ಟರು ಪಕ್ಕದ ಸ್ಟೂಲಿನ ಮೇಲೆ ಕೂತು, "ಜಾತ್ರೆಯಲ್ಲಿ ಐಸ್‌ಕ್ಯಾಂಡಿ ತಿಂದಿದ್ದು ನೆನಪಿದೆಯಾ?" ಎಂದು ಕೇಳಿದ್ದರಂತೆ. ಅರವತ್ತರ ಸಮೀಪದ ರೈತ ಆ ಮಾತು ನೆನೆದು ಈಗಲೂ ನಗುತ್ತಾರೆ.

ಸಾಮಾನ್ಯವಾಗಿ ಈ ಕಸಿ ಚಿಕಿತ್ಸೆಯೆಂದರೆ ಗಾಜಿನ ಕೋಣೆ, ಎರಡು ಮೂರು ವಾರ ಆಸ್ಪತ್ರೆ ವಾಸ. ಹಾಗಿಲ್ಲದೆಯೂ ಮಾಡಬಹುದು ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದವರಲ್ಲಿ ಮೆಕ್ಸಿಕೋದ ವೈದ್ಯರು ಪ್ರಮುಖರು. ಪ್ಯೂಬ್ಲಾ ನಗರದ ಗಿಯೆರ್ಮೋ ರೂಯಿಸ್ ಅರ್ಗ್ವೆಯೆಸ್ ಮತ್ತು ಮಾಂಟೆರೇಯ ಡೇವಿಡ್ ಗೋಮೆಸ್ ಅಲ್ಮಾಗೆರ್ ತಮ್ಮ ರೋಗಿಗಳ ಕೈಯಲ್ಲಿ ಕಾಸಿಲ್ಲದ್ದನ್ನು ಕಂಡು ಖರ್ಚನ್ನು ಒಂದೊಂದಾಗಿ ಕಳೆಯುತ್ತಾ ಹೋದರು. ಕೋಶಗಳನ್ನು ಘನೀಕರಿಸುವ ದುಬಾರಿ ವ್ಯವಸ್ಥೆಯನ್ನೇ ಬಿಟ್ಟರು. ರಕ್ತನಿಧಿಯ ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನ ಇಟ್ಟರೆ ಸಾಕೆಂದರು. ಹಗಲು ಆಸ್ಪತ್ರೆಯಲ್ಲಿ, ರಾತ್ರಿ ಮನೆಯಲ್ಲಿ ಎಂಬ ಕ್ರಮ ತಂದರು. ನಮ್ಮ ದೇಶದಲ್ಲಿ ಮಜ್ಜೆ ಕಸಿಯ ಮೊದಲ ಹೆಜ್ಜೆ ಇಟ್ಟವರು ಡಾ. ಸುರೇಶ ಅಡ್ವಾಣಿ. ಬಾಲ್ಯದಲ್ಲೇ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲಿ ಓಡಾಡುವ ಅವರು 1983ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದ ಹುಡುಗಿಗೆ ಅವಳ ಸಹೋದರನ ಮಜ್ಜೆ ಕಸಿ ಮಾಡಿದರು.

ಆದರೆ ಹೀಗೆ ಮನೆಯಲ್ಲಿದ್ದೇ ಮಾಡಿಸಿಕೊಳ್ಳುವ ಹೊರರೋಗಿ ಕಸಿ ಎಲ್ಲರಿಗೂ ಅಲ್ಲ. ಹೃದಯ, ಮೂತ್ರಪಿಂಡ ಚೆನ್ನಾಗಿರಬೇಕು. ಅರ್ಧ ಗಂಟೆಯೊಳಗೆ ಆಸ್ಪತ್ರೆ ಮುಟ್ಟುವಂತಿರಬೇಕು. ಹಗಲಿರುಳು ಜೊತೆಗೊಬ್ಬರು ಇರಲೇಬೇಕು. ಮನೆಯಿಂದಲೇ ಶುರು ಮಾಡಿದರೂ ಕೆಲವರು ನಡುವೆ ದಾಖಲಾಗಬೇಕಾಗುತ್ತದೆ. ಅದಕ್ಕೇ ಇದನ್ನು ಮಾಡುವ ಡಾಕ್ಟರು ರೋಗಿಯನ್ನು ಕೋಣೆಗೆ ಕಳಿಸಿ ಕೈ ತೊಳೆದುಕೊಳ್ಳುವುದಿಲ್ಲ. ಕೈ ತೊಳೆಯುವುದನ್ನು ಆ ತಾಯಿಗೆ ಕಲಿಸುತ್ತಾರೆ. ನಲ್ಲಿಯ ಮುಂದೆ ಆಕೆಯ ಪಕ್ಕ ನಿಂತು, ಬೆರಳ ಸಂದಿ, ಉಗುರ ತುದಿ, ಮುಂಗೈ ಎಂದು ತಾವೂ ಸೋಪು ಹಚ್ಚಿ ತೋರಿಸಿದ್ದಾರೆ. "ಅಮ್ಮಾ, ಜ್ವರ 100.4 ಮುಟ್ಟಿದರೆ ಗಡಿಯಾರ ನೋಡಬೇಡಿ, ಫೋನ್ ಮಾಡಿ" ಎಂದಿದ್ದಾರೆ. ಆರನೇ ದಿನ ರಾತ್ರಿ ಎರಡಕ್ಕೆ 100 ಕಂಡಾಗ ಆಕೆ ಮಾಡಿಯೇ ಬಿಟ್ಟರು. ಎರಡನೇ ರಿಂಗಿಗೇ ಡಾಕ್ಟರು ಎತ್ತಿದರು. ಅರ್ಧ ಗಂಟೆಗೊಮ್ಮೆ ನೋಡಿ ಹೇಳಲು ತಿಳಿಸಿ, ಜ್ವರ ಇಳಿದ ಸುದ್ದಿ ಕೇಳಿದ ಮೇಲೆಯೇ ಫೋನ್ ಇಟ್ಟು ಮಲಗಿದರು. ಕರುಣೆ ಎಂಬ ದೊಡ್ಡ ಮಾತಿಗೆ ನಾನು ಕಂಡ ಅರ್ಥ ಇಷ್ಟೇ: ಎರಡನೇ ರಿಂಗಿಗೆ ಎತ್ತಿದ ಫೋನು.

ಏಳು ಗಂಟೆಗೆ ಆಟೋ ಬರುತ್ತದೆ. ಡೇ ಕೇರಿನಲ್ಲಿ ರಕ್ತ ಕೊಟ್ಟು, ಬೇಕಾದರೆ ಪ್ಲೇಟ್‌ಲೆಟ್ ಹಾಕಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ವಾಪಸು. ಅಷ್ಟರಲ್ಲಿ ಮಗಳು ಕುದಿಸಿ ಆರಿಸಿದ ನೀರು, ಬಿಸಿ ಅನ್ನ, ತೊಗರಿಬೇಳೆ ಸಾರು ಸಿದ್ಧ ಮಾಡಿರುತ್ತಾಳೆ. ಹಸಿ ತರಕಾರಿ, ಹೊರಗಿನ ತಿಂಡಿ, ನೆಂಟರು ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು ಈ ದಿನಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದಿರುತ್ತವೆ. ಹತ್ತರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ಅವು 500 ದಾಟಿ ನಿಂತರೆ ಬೀಜ ಮೊಳೆತಂತೆ. ಮೂರು ದಿನ ಕಳೆದು, ಹನ್ನೊಂದನೇ ದಿನ ಆ ನೋಟ್‌ಬುಕ್ಕಿನಲ್ಲಿ 620 ಎಂದು ದಪ್ಪಗೆ ಬರೆದಿತ್ತು. ತಾಯಿ ಅದರ ಸುತ್ತ ಕುಂಕುಮ ಹಚ್ಚಿದ್ದರು.

ಬೀದರ, ಕಲಬುರಗಿ, ರಾಯಚೂರಿನವರಿಗೆ ಈ ಊರು ಹೊಸದಲ್ಲ. 1956ರವರೆಗೆ ಹೈದರಾಬಾದೇ ಅವರ ರಾಜಧಾನಿ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಅಜ್ಜಂದಿರು ಕಚೇರಿ ಕೆಲಸಕ್ಕೆ ಬರುತ್ತಿದ್ದ ಊರಿಗೆ ಮೊಮ್ಮಕ್ಕಳು ಈಗ ರಿಪೋರ್ಟುಗಳ ಕಟ್ಟು ಹಿಡಿದು ಬರುತ್ತಾರೆ. ಆದರೂ ಈ ಕೋಣೆ ಸಿಗುವ ಮುನ್ನ ಈ ಕುಟುಂಬಕ್ಕೆ ನಾಲ್ಕು ಮನೆಗಳವರು ಬಾಗಿಲು ಹಾಕಿದ್ದರು. "ಕ್ಯಾನ್ಸರ್ ಪೇಷಂಟಾ? ಬೇಡ."

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಹಡಿಯ ಆ ರೋಗಿಗೇ ನಮ್ಮ ನೆಗಡಿ, ನಮ್ಮ ಕೆಮ್ಮು ಅಂಟಬಾರದು. ಉರ್ದುವಿನಲ್ಲಿ ಹಿಮಾಯತ್ ಎಂದರೆ ಆಸರೆ, ಬೆಂಬಲ. ದೊಡ್ಡಾಸ್ಪತ್ರೆಯ ಸುತ್ತಮುತ್ತ ನಿಮ್ಮದೊಂದು ಕೋಣೆ ಖಾಲಿಯಿದ್ದರೆ, ಅದು ಹೈದರಾಬಾದಿರಲಿ, ಬೆಂಗಳೂರಿರಲಿ, ಹುಬ್ಬಳ್ಳಿಯಿರಲಿ, ರೋಗಿಯ ಮನೆಯವರು ಬಂದು ಕೇಳಿದಾಗ ಇಲ್ಲ ಎನ್ನಬೇಡಿ. ಡಾಕ್ಟರ ಕೆಲಸ ಡಾಕ್ಟರು ಮಾಡುತ್ತಾರೆ. ಶುಚಿಯಾದ ಒಂದು ಕೋಣೆ, ಬಿಸಿನೀರು, ಒಂದು ತಿಂಗಳ ಆಸರೆ ಕೊಡುವುದು ನಮ್ಮ ಕೈಯಲ್ಲಿದೆ.