ನಮ್ಮ ಮೇಷ್ಟ್ರು ಈಗ ಎದುರು ಬದಿಯಲ್ಲಿ!

ಗುಂಡ್ಲುಪೇಟೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚೆಂಡು ಹೂವಿನ ಹೊಲ. ಇದು 2024ರ ಸೆಪ್ಟೆಂಬರ್ ಮಾತು, ಆ ಭಾನುವಾರ ತಿರುವೋಣಂ. ನಮ್ಮ ಕಡೆಯ ಹೂವೆಲ್ಲ ಗಾಡಿ ಹತ್ತಿ ಕೇರಳದ ಅಂಗಳಗಳಿಗೆ ಹೊರಟಿದೆ. ಆದರೆ ನಮ್ಮ ಏಳು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ವಾರ ಹೂವಿನ ಮಾತಿಲ್ಲ, ಬರೀ ಚೆಂಡಿನ ಮಾತು. ಶನಿವಾರ, ಸೆಪ್ಟೆಂಬರ್ 14ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ 2024–25ರ ಐಎಸ್‌ಎಲ್‌ನ ತನ್ನ ಮೊದಲ ಪಂದ್ಯ ಆಡಲಿತ್ತು. ಎದುರಾಳಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಆಗ ಆ ತಂಡದ ಕೋಚ್ ಸ್ಪೇನ್‌ನ ಕಾರ್ಲೆಸ್ ಕ್ವಾದ್ರತ್. ಹೌದು, 2019ರಲ್ಲಿ ನಮಗೆ ಕಪ್ ಗೆದ್ದುಕೊಟ್ಟ ಅದೇ ಕಾರ್ಲೆಸ್!

ಗುಂಪಿನಲ್ಲಿ ನಾಲ್ವರು ಗುಂಡ್ಲುಪೇಟೆಯವರು, ಮೂವರು ಚಾಮರಾಜನಗರದವರು. ಸಾಮಾನ್ಯವಾಗಿ ಜಗಳ ಊರಿನ ಲೆಕ್ಕದಲ್ಲೇ ನಡೆಯುತ್ತದೆ. ಈ ಸಲ ಮಾತ್ರ ಎರಡೂ ಕಡೆ ಪಕ್ಷಾಂತರವಾಗಿದೆ. ಪ್ರಶ್ನೆ ಇಷ್ಟೇ: ಕಾರ್ಲೆಸ್ ಮೈದಾನಕ್ಕೆ ಕಾಲಿಟ್ಟಾಗ ಚಪ್ಪಾಳೆ ತಟ್ಟಬೇಕೋ, ಕೂಗಿ ಅಣಕಿಸಬೇಕೋ?

‘ನಾನಂತೂ ಎದ್ದು ನಿಂತು ಚಪ್ಪಾಳೆ ಹೊಡೀತೀನಿ ಕನ’ ಅಂತ ಚಾಮರಾಜನಗರದ ಗೆಳೆಯ ವಾಯ್ಸ್ ಮೆಸೇಜ್ ಹಾಕಿದ. ‘ಬುಡ್ಲಾ, ಅವ್ರೀಗ ಆ ಕಡೆಯವ್ರು. ನಮ್ಮೋರ್ನ ಸೋಲ್ಸಕ್ಕೆ ಬತ್ತಾವ್ರೆ, ನೀನು ಆರತಿ ಎತ್ತು’ ಅಂತ ನಮ್ಮೂರಿನವನ ಉತ್ತರ. ಮೂರು ದಿನವಾಯಿತು, ಇನ್ನೂ ತೀರ್ಮಾನವಾಗಿಲ್ಲ.

ಘಟ್ಟ ಹತ್ತಿ ಬಂದ ಆಟ

ನಮ್ಮ ಜಿಲ್ಲೆಯಲ್ಲಿ ಕ್ರಿಕೆಟ್ಟೇ ರಾಜ. ಹಳ್ಳಿಗಳಿಗೆ ಹೋದರೆ ಕಬಡ್ಡಿ, ವಾಲಿಬಾಲ್. ನಮ್ಮ ಓರಗೆಯ ಗುಂಡ್ಲುಪೇಟೆ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದು ಬೆಂಗಳೂರಿನಿಂದಲ್ಲ, ಸುಲ್ತಾನ್ ಬತ್ತೇರಿ ಕಡೆಯಿಂದ. ಬೇಕರಿಯ ಟಿವಿಯಲ್ಲಿ ಸದಾ ಕೇರಳ ಬ್ಲಾಸ್ಟರ್ಸ್ ಪಂದ್ಯ. ಚಹಾ ಕುಡಿಯಲು ಹೋದವರು ಹಳದಿ ಅಂಗಿಯವರ ಮಧ್ಯೆ ನಿಂತು ನೋಡಬೇಕಿತ್ತು. ಆಟ ಇಷ್ಟವಾಯಿತು, ಆದರೆ ತಂಡ ಬೇರೆಯವರದು.

ಆ ಕೊರತೆ ನೀಗಿಸಿದ್ದು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಕ್ಲಬ್ಬು ಇಂಗ್ಲೆಂಡ್‌ನ ಆ್ಯಷ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಆಲ್ಬರ್ಟ್ ರೋಕಾ ಅವರ ಕೈಕೆಳಗೆ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. ಆಗ ರೋಕಾ ಪಕ್ಕದಲ್ಲಿ ಸಹಾಯಕರಾಗಿ ಕೂತಿದ್ದವರೇ ಕಾರ್ಲೆಸ್. 2018ರಲ್ಲಿ ರೋಕಾ ಹೊರಟಾಗ ತಂಡದ ಹೊಣೆ ಇವರ ಹೆಗಲಿಗೆ ಬಂತು.

ಆ ಹೊತ್ತಿಗೆ ತಂಡದ ಗಾಯ ಇನ್ನೂ ಹಸಿಯಾಗಿತ್ತು. 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ, ನಮ್ಮದೇ ಜನರ ಎದುರು, ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2–3ರಿಂದ ಸೋತಿದ್ದೆವು. ಕಾರ್ಲೆಸ್ ಬಂದರು. ಮೊದಲ 11 ಪಂದ್ಯಗಳಲ್ಲಿ ಸೋಲೇ ಇಲ್ಲ. ಪಟ್ಟಿಯಲ್ಲಿ ಅಗ್ರಸ್ಥಾನ. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್. 90 ನಿಮಿಷ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಗೋಲ್! ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಕಪ್ಪನ್ನೂ ಎತ್ತಿದ್ದು ಐಎಸ್‌ಎಲ್‌ನಲ್ಲಿ ಅದೇ ಮೊದಲು.

ನಾವಾಗ ಒಂಬತ್ತನೇ ತರಗತಿ. ಮರುದಿನ ಬೇಕರಿಗೆ ನೀಲಿ ಅಂಗಿ ಹಾಕಿಕೊಂಡು ಹೋದೆವು. ಆವತ್ತಿನಿಂದ ಬೇಕರಿಯ ಚೇಟನ ಜೊತೆ ಸಮಾನವಾಗಿ ವಾದ ಮಾಡುವ ಹಕ್ಕು ಬಂತು. ಬ್ಲಾಸ್ಟರ್ಸ್ ಪಂದ್ಯಕ್ಕೆ ಬೆಂಗಳೂರಿಗೆ ಹೋದ ಹಳದಿ ಅಂಗಿಯವರು ರಾತ್ರೋರಾತ್ರಿ ವಾಪಸಾಗುತ್ತಾರೆ. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟು ತೆರೆಯುವವರೆಗೆ ನಮ್ಮೂರಿನಲ್ಲೇ ಕಾಯಬೇಕು. ಗೆದ್ದವರು ಯಾರು, ಸೋತವರು ಯಾರು ಅಂತ ಚಹಾ ಅಂಗಡಿಯ ಮುಂದೆ ಅವರ ಮುಖ ನೋಡಿಯೇ ಹೇಳಬಹುದು. ಇಂಥ ಊರಿನಲ್ಲಿ ನಮ್ಮದು ಅಂತ ಒಂದು ಕಪ್ ಇರುವುದು ಸಣ್ಣ ವಿಷಯವಲ್ಲ.

ಹೇಳದೇ ಉಳಿದ ಥ್ಯಾಂಕ್ಸ್

ಆಮೇಲೆ ಕೊರೊನಾ ಬಂತು. 2020–21ರ ಇಡೀ ಲೀಗನ್ನು ಗೋವಾದಲ್ಲಿ ಬಯೊಬಬಲ್ ಒಳಗೆ, ಖಾಲಿ ಗ್ಯಾಲರಿಗಳ ಮುಂದೆ ಆಡಿಸಿದರು. ನಮ್ಮ ತಂಡ ಸತತ ಮೂರು ಪಂದ್ಯ ಸೋತಿತು. 2021ರ ಜನವರಿ ಮೊದಲ ವಾರದಲ್ಲಿ ಕ್ಲಬ್ ಮತ್ತು ಕಾರ್ಲೆಸ್ ಪರಸ್ಪರ ಒಪ್ಪಿ ಬೇರೆಯಾದರು ಅಂತ ಪ್ರಕಟಣೆ ಬಂತು. ಮುಗಿಯಿತು ಕತೆ.

ಶಾಲೆಯಲ್ಲಿ ಮೇಷ್ಟ್ರಿಗೆ ವರ್ಗವಾದರೆ ಒಂದು ಬೀಳ್ಕೊಡುಗೆ ಇರುತ್ತದೆ. ಒಂದು ಹಾರ, ಒಂದು ಶಾಲು, ನಾಲ್ಕು ಮಾತು, ಒಂದು ಗ್ರೂಪ್ ಫೋಟೊ. ಕಪ್ ಗೆದ್ದುಕೊಟ್ಟ ಕೋಚ್‌ಗೆ ಅದ್ಯಾವುದೂ ಸಿಗಲಿಲ್ಲ. ಯಾರ ತಪ್ಪೂ ಅಲ್ಲ, ಕಾಲವೇ ಹಾಗಿತ್ತು. ಆದರೆ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಎರಡೂವರೆ ವರ್ಷ ಅವರ ತಂಡಕ್ಕಾಗಿ ಗಂಟಲು ಹರಿದುಕೊಂಡವರಿಗೆ ಕೊನೆಯ ಸಲ ಕೈ ಬೀಸುವ ಅವಕಾಶವೂ ಇರಲಿಲ್ಲ.

2023ರಲ್ಲಿ ಕಾರ್ಲೆಸ್ ಈಸ್ಟ್ ಬೆಂಗಾಲ್ ಸೇರಿದರು. ಆ ವರ್ಷ ಅಕ್ಟೋಬರ್ 4ರಂದು ಎದುರು ತಂಡದ ಕೋಚ್ ಆಗಿ ಕಂಠೀರವಕ್ಕೆ ಬಂದರು. ಬುಧವಾರ, ಕಾಲೇಜು, ನಮಗೆ ಹೋಗಲಾಗಲಿಲ್ಲ. ಮೊಬೈಲ್‌ನಲ್ಲೇ ನೋಡಿದೆವು. ಮೊದಲು ಗೋಲು ಹೊಡೆದದ್ದು ಅವರ ಮಹೇಶ್. ಸುನಿಲ್ ಚೆಟ್ರಿ ಪೆನಾಲ್ಟಿಯಲ್ಲಿ ಸಮ ಮಾಡಿದರು. ಹಾವಿ ಹೆರ್ನಾಂಡೆಜ್ ಗಾಳಿಯಲ್ಲಿ ಮಗುಚಿ ಒದ್ದ ಬೈಸಿಕಲ್ ಕಿಕ್‌ಗೆ ನಾವು 2–1ರಿಂದ ಗೆದ್ದೆವು. ಈ ಸಲ ಪಂದ್ಯ ಶನಿವಾರ. ನೆಪ ಹೇಳುವಂತಿಲ್ಲ.

ಗುಟ್ಟು ಬಲ್ಲವರು

ಹಳೆಯ ಕೋಚ್ ಎದುರಾಳಿಯಾಗಿ ಬಂದರೆ ಹೊಟ್ಟೆಯಲ್ಲಿ ಸಣ್ಣಗೆ ಕಲಸಿದಂತಾಗುವುದು ಏಕೆ? ಅವರಿಗೆ ನಮ್ಮ ಗುಟ್ಟು ಗೊತ್ತು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಚೆಟ್ರಿ, ಭೇಕೆ ಮೂವರೂ ಅವರ ಕೈಯಲ್ಲಿ ಪಳಗಿದವರು. ಸುರೇಶ್ ಸಿಂಗ್ ವಾಂಗ್ಜಮ್ ಕ್ಲಬ್‌ಗೆ ಬಂದದ್ದೂ ಅವರ ಕಾಲದಲ್ಲೇ. ಯಾರು ಯಾವಾಗ ಸುಸ್ತಾಗುತ್ತಾರೆ, ಯಾರಿಗೆ ಯಾವಾಗ ಸಿಟ್ಟು ಬರುತ್ತದೆ, ಅದೆಲ್ಲ ಬಾಯಿಪಾಠ.

2024ರ ಏಪ್ರಿಲ್ 7ರಂದು ಕೋಲ್ಕತ್ತದಲ್ಲಿ ಅದರ ರುಚಿ ನೋಡಿದೆವು. ಈಸ್ಟ್ ಬೆಂಗಾಲ್ 2–1ರಿಂದ ಗೆದ್ದಿತು. ಗೆಲುವಿನ ಗೋಲು ಹೊಡೆದದ್ದು ಕ್ಲೇಟನ್ ಸಿಲ್ವಾ. ಅವರೂ ನಮ್ಮ ತಂಡದ ಹಳೆಯ ಆಟಗಾರ! ಅದಕ್ಕೂ ಮೊದಲು ಮಾರ್ಚ್ 26ರಂದು ಗುವಾಹಟಿಯಲ್ಲಿ ಚೆಟ್ರಿ ಭಾರತದ ಪರ 150ನೇ ಪಂದ್ಯ ಆಡಿ ಗೋಲನ್ನೂ ಹೊಡೆದರು. ಆದರೂ ಅಫ್ಗಾನಿಸ್ತಾನ 2–1ರಿಂದ ಗೆದ್ದಿತು. ಅಫ್ಗಾನಿಸ್ತಾನದ ಕೋಚ್ ಯಾರು ಗೊತ್ತೇ? ನಮ್ಮ ಮೊದಲ ಕೋಚ್ ವೆಸ್ಟ್‌ವುಡ್. ಎರಡೇ ವಾರದಲ್ಲಿ ಚೆಟ್ರಿಗೆ ಇಬ್ಬರು ಹಳೆಯ ಗುರುಗಳಿಂದ ಸೋಲು.

ಇದನ್ನು ನಾನು ಇನ್ನೂ ಸಣ್ಣ ಮೈದಾನದಲ್ಲಿ ಅನುಭವಿಸಿದ್ದೇನೆ. ಹೈಸ್ಕೂಲಿನಲ್ಲಿ ನಮಗೆ ಫುಟ್‌ಬಾಲ್ ಕಲಿಸಿದ ಪಿ.ಟಿ. ಮೇಷ್ಟ್ರಿಗೆ ಚಾಮರಾಜನಗರ ತಾಲ್ಲೂಕಿಗೆ ವರ್ಗವಾಯಿತು. ಮುಂದಿನ ವರ್ಷ ಜಿಲ್ಲಾ ಮಟ್ಟದ ಕ್ರೀಡಾಕೂಟದಲ್ಲಿ ನೋಡಿದರೆ ಅವರು ಆಚೆ ಗೆರೆಯಲ್ಲಿ ನಿಂತಿದ್ದಾರೆ, ಕೊರಳಲ್ಲಿ ಅದೇ ಸೀಟಿ. ಪಂದ್ಯ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಅವರ ಕೂಗು ಕೇಳಿಸಿತು: ‘ಆ ಏಳ್ನೇ ನಂಬರ್ ಎಡಗಾಲಲ್ಲಿ ಒದೆಯಲ್ಲ ಕನ್ರೋ, ಬಲಗಾಲಿಗೆ ಅಡ್ಡ ನಿಲ್ರೋ!’ ಏಳನೇ ನಂಬರ್ ನಾನೇ. ಆಮೇಲೆ ಪಂದ್ಯ ಮುಗಿಯುವವರೆಗೆ ನನಗೆ ಚೆಂಡು ಸರಿಯಾಗಿ ಸಿಗಲೇ ಇಲ್ಲ.

ಮುಗಿದ ಮೇಲೆ ಅವರೇ ಹತ್ತಿರ ಬಂದರು. ತಲೆ ಸವರಿ, ‘ನಾನು ಬುಟ್ಟೋದಾಗ ಹೆಂಗಿದ್ದೋ ಹಂಗೇ ಇದ್ದೀಯಲ್ಲ ಮಗ’ ಅಂದರು. ಬೈಗುಳವಲ್ಲ, ಅಕ್ಕರೆಯ ಮಾತು. ಆದರೆ ಯಾವ ಬೈಗುಳವೂ ಅಷ್ಟು ನಾಟಿರಲಿಲ್ಲ. ಮಾರನೇ ದಿನದಿಂದ ಗೋಡೆಗೆ ಎಡಗಾಲಲ್ಲಿ ಒದೆಯುವ ಅಭ್ಯಾಸ ಶುರುವಾಯಿತು.

ಹಳೆಯ ಮೇಷ್ಟ್ರಿಗೆ ಗೊತ್ತಿರುವುದು ಅವರು ಬಿಟ್ಟುಹೋದ ದಿನದ ನಾವು. ಆಮೇಲೆ ನಾವು ಏನು ಕಲಿತೆವೋ ಅದು ಅವರಿಗೆ ಗೊತ್ತಿಲ್ಲ. ಗೆಲ್ಲಬೇಕಾದರೆ ಗೆಲ್ಲುವುದು ಅದರಿಂದಲೇ.

ಕ್ರಿಕೆಟ್ ಪ್ರಿಯರು 2024ರ ಏಪ್ರಿಲ್ 2ರ ಚಿನ್ನಸ್ವಾಮಿ ಪಂದ್ಯ ನೆನಪಿಸಿಕೊಳ್ಳಿ. ಎರಡು ವರ್ಷ ಲಖನೌ ತಂಡದ ಕೋಚ್ ಆಗಿದ್ದ ಆ್ಯಂಡಿ ಫ್ಲವರ್ ನಮ್ಮ ಆರ್‌ಸಿಬಿಗೆ ಬಂದಿದ್ದರು. ಲಖನೌ ಹುಡುಗರ ಜಾತಕವೆಲ್ಲ ಅವರ ಬಳಿ ಇತ್ತು. ಆದರೂ ಗೆದ್ದದ್ದು ಲಖನೌ, 28 ರನ್‌ಗಳಿಂದ. ಮೂರು ದಿನದ ಹಿಂದಷ್ಟೇ ಮೊದಲ ಐಪಿಎಲ್ ಪಂದ್ಯ ಆಡಿದ್ದ ಮಯಂಕ್ ಯಾದವ್ 14 ರನ್ ಕೊಟ್ಟು 3 ವಿಕೆಟ್ ಕಿತ್ತರು. ಇಂಗ್ಲೆಂಡ್‌ನಲ್ಲೂ ಅಷ್ಟೇ. ಚೆಲ್ಸಿಗೆ ಮೂರು ಸಲ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟ ಮೊರಿನೊ 2016ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಕಟ್ಟಿಕೊಂಡು ಅದೇ ಮೈದಾನಕ್ಕೆ ಬಂದರು. ಹಳೆಯ ಶಿಷ್ಯರು 4–0ಯಿಂದ ಸೋಲಿಸಿ ಕಳಿಸಿದರು.

ನಾವು ಹೊಸದೇನು ಕಲಿತಿದ್ದೇವೆ?

ಹಾಗಾಗಿ ಶನಿವಾರದ ಪಂದ್ಯ ಬರೀ ಮೂರು ಪಾಯಿಂಟಿನದಲ್ಲ, ಒಂದು ಪರೀಕ್ಷೆ. ಪರೀಕ್ಷೆಗೆ ಮುಂಚೆ ನಮ್ಮ ಅಂಕಪಟ್ಟಿ ಅಷ್ಟೇನೂ ಚೆನ್ನಾಗಿಲ್ಲ. 2023–24ರ ಐಎಸ್‌ಎಲ್‌ನಲ್ಲಿ ನಾವು 10ನೇ ಸ್ಥಾನ. ಅವರು 9ನೇ ಸ್ಥಾನ, ಅಂದರೆ ನಮಗಿಂತ ಒಂದೇ ಮೆಟ್ಟಿಲು ಮೇಲೆ. ಆದರೆ ಅವರ ಕೈಯಲ್ಲಿ 2024ರ ಜನವರಿಯಲ್ಲಿ ಗೆದ್ದ ಸೂಪರ್ ಕಪ್ ಇತ್ತು. 12 ವರ್ಷ ರಾಷ್ಟ್ರಮಟ್ಟದ ಕಪ್ಪಿಲ್ಲದೆ ಕಾದಿದ್ದ ಈಸ್ಟ್ ಬೆಂಗಾಲ್ ಅಭಿಮಾನಿಗಳಿಗೆ ಕಾರ್ಲೆಸ್ ಅದನ್ನು ಕೊಟ್ಟರು. ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಆಗ ನಮ್ಮ ಕೋಚ್ ಆಗಿದ್ದವರು ಜೆರಾರ್ಡ್ ಸರಗೋಸ. ಇವರ ಕತೆಯೂ ಮಜವಾಗಿದೆ. ಕಾರ್ಲೆಸ್ ಕಪ್ ಗೆದ್ದಾಗ ಅವರ ಸಹಾಯಕರಾಗಿದ್ದವರು ಇವರೇ. ಅಂದರೆ ಶನಿವಾರ ಎರಡೂ ಬೆಂಚಿನಲ್ಲಿ ಒಂದೇ ಮನೆಯ ಅಡುಗೆ ಕಲಿತವರು! ಫೈನಲ್ ಗೋಲಿನ ಭೇಕೆ ವಾಪಸ್ ಬಂದಿದ್ದರು. ನೊಗೇರ, ಪೆರೇರಾ ಡಿಯಾಸ್, ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ ಹೊಸದಾಗಿ ಸೇರಿದ್ದರು.

ನನ್ನ ಕಣ್ಣು ಮಾತ್ರ ವಿನಿತ್ ವೆಂಕಟೇಶ್ ಮೇಲಿದೆ. ನಮ್ಮದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಎಳೆಯ ಹುಡುಗ. 2024ರ ಆಗಸ್ಟ್‌ನಲ್ಲಿ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಮೋಹನ್ ಬಾಗನ್ ವಿರುದ್ಧ ಗೋಲು ಹೊಡೆದ. ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿತು, ಆ ಮಾತು ಬೇರೆ. ಕಾರ್ಲೆಸ್ ಇದ್ದಾಗ ಈ ಹುಡುಗ ತಂಡದಲ್ಲಿರಲಿಲ್ಲ. ಇವನ ಎಡಗಾಲು ಬಲಗಾಲಿನ ಲೆಕ್ಕ ಅವರ ಹಳೆಯ ಪುಸ್ತಕದಲ್ಲಿಲ್ಲ!

ಸೀಟಿ ಊದುವವರೆಗೆ

ಚಪ್ಪಾಳೆಯ ಪ್ರಶ್ನೆಯನ್ನು ಕೊನೆಗೆ ಬೇಕರಿಯ ಚೇಟನ ಮುಂದಿಟ್ಟೆವು. ಬ್ಲಾಸ್ಟರ್ಸ್ ಕೋಚ್ ಆಗಿದ್ದ ಇವಾನ್ ವುಕೊಮನೊವಿಚ್ 2024ರ ಏಪ್ರಿಲ್‌ನಲ್ಲಿ ತಂಡ ಬಿಟ್ಟರು. ಅವರನ್ನು ಮಲಯಾಳಿಗಳು ‘ಆಶಾನ್’ ಅಂತಲೇ ಕರೆಯುತ್ತಿದ್ದರು. ಆಶಾನ್ ಅಂದರೆ ನಮ್ಮ ಮೇಷ್ಟ್ರು, ಗುರು. ‘ನಮ್ಮ ಆಶಾನ್ ನಾಳೆ ಬೇರೆ ಟೀಮಿಗೆ ಬಂದ್ರೆ ಏನ್ಮಾಡ್ತೀರಾ?’ ಅಂತ ಕೇಳಿದ್ದಕ್ಕೆ ಚೇಟ ಪಫ್ಸ್ ಕಟ್ಟುತ್ತಲೇ ಹೇಳಿದರು: ‘ಬಂದಾಗ ಕೈ ಮುಗೀತೀವಿ. ಮ್ಯಾಚ್ ಶುರುವಾದ್ಮೇಲೆ ಬಿಡಲ್ಲ.’

ಗುಂಪಿನ ಏಳೂ ಜನರಿಗೆ ಒಪ್ಪಿಗೆಯಾದದ್ದು ಇದೊಂದೇ ಸೂತ್ರ. ಕಾರ್ಲೆಸ್ ಹೊರಗೆ ಬಂದು ಗ್ಯಾಲರಿಯತ್ತ ನೋಡಿದರೆ, ನೋಡದಿದ್ದರೂ, ಸೀಟಿ ಊದುವವರೆಗೆ ಚಪ್ಪಾಳೆ. 2021ರಲ್ಲಿ ಕೊಡಲಾಗದ ಬೀಳ್ಕೊಡುಗೆಯ ಬಾಕಿ ಅದು. ಸೀಟಿ ಊದಿದ ಮೇಲೆ 90 ನಿಮಿಷ ಅವರು ಎದುರಾಳಿ, ಅಷ್ಟೇ. ಅವರು ಕಲಿಸಿದ ಕಾರ್ನರ್‌ನಲ್ಲೇ ಗೋಲು ಬಂದರೆ ಇನ್ನೂ ಒಳ್ಳೆಯದು. ಕಲಿಸಿದವರಿಗೆ ಕಲಿತದ್ದನ್ನು ತೋರಿಸುವುದಕ್ಕಿಂತ ದೊಡ್ಡ ಗುರುದಕ್ಷಿಣೆ ಯಾವುದಿದೆ?

ಚಾಮರಾಜನಗರದವರು ರೈಲಿಗೆ, ನಾವು ಬಸ್ಸಿಗೆ, ಮೈಸೂರಿನಲ್ಲಿ ಸೇರಿ ಮುಂದಕ್ಕೆ ಒಟ್ಟಿಗೆ ಹೋಗುವುದು ಅಂತ ತೀರ್ಮಾನವಾಗಿದೆ. ಪಂದ್ಯ ಮುಗಿಸಿ ರಾತ್ರಿ ಮೈಸೂರು ತಲುಪಿದರೆ, ಊರಿನ ಮೊದಲ ಬಸ್ ಬರುವವರೆಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ಗತಿ. ಮನೆಯಲ್ಲಿ ಕೇಳಿದರೆ ಏನು ಹೇಳುವುದು ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ. ‘ಮೇಷ್ಟ್ರನ್ನ ಮಾತಾಡಿಸ್ಕೊಂಡು ಬರ್ತೀವಿ’ ಅಂದರೆ ಸುಳ್ಳೇನಲ್ಲ, ಅಲ್ಲವೇ?